ಮೋಟಾರು ಮನೆಯಲ್ಲಿ ಕೂತು ಮಂಗಳಕ್ಕೆ ಹೊರಟದ್ದು

ನನ್ನ ದೌರ್ಬಲ್ಯವೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಷಯ ನನ್ನಿಂದ ದೂರ ಹೋದಷ್ಟೂ ಅದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗುತ್ತದೆ. ನಾಳೆ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಹೆಂಡತಿ ಕೇಳಿದರೆ ‘ಬಂದರೂ ಬರಬಹುದು’ ಎನ್ನುತ್ತೇನೆ. ಮಳವಳ್ಳಿಯಿಂದ ಮದ್ದೂರಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಯಾರಾದರೂ ಕೇಳಿದರೆ, ಹದಿನಾರು ವರ್ಷಗಳಿಂದ ಅದೇ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿರುವ ನಾನು, ‘ಯಾವುದಕ್ಕೂ ಸ್ಟ್ಯಾಂಡಿನಲ್ಲಿ ಒಮ್ಮೆ ವಿಚಾರಿಸಿ’ ಎನ್ನುತ್ತೇನೆ. ಆದರೆ ಮಂಗಳ ಗ್ರಹದ ಮಾತು ಬಂದರೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಲ್ಲಿಯ ಚಳಿ, ಅಲ್ಲಿಯ ತೆಳು ಗಾಳಿ, ಅಲ್ಲಿಗೆ ಹೊರಡಲು ಎರಡು ವರ್ಷಕ್ಕೊಮ್ಮೆ ಕೂಡಿಬರುವ ಕಾಲ, ಎಲ್ಲವೂ ನಮ್ಮೂರ ಸಂತೆಯ ದಿನದಷ್ಟು ಖಚಿತ. ಇದಕ್ಕೆ ನನ್ನ ಉದ್ಯೋಗವೂ ಕಾರಣ. ನಾನು ಮದ್ದೂರಿನ ಕಾಲೇಜೊಂದರಲ್ಲಿ ಲೈಬ್ರರಿಯನ್. ಹುಡುಗರು ಬರುವ ಮೊದಲು ಪೇಪರು, ಪತ್ರಿಕೆಗಳನ್ನೆಲ್ಲ ಓದಿಬಿಡುತ್ತೇನೆ. ಹುಡುಗರು ಬರುವುದಿಲ್ಲವಾದ್ದರಿಂದ ಆಮೇಲೂ ಓದುತ್ತೇನೆ.

ಇನ್ನೊಂದು ಎಚ್ಚರಿಕೆ. ಈಗ ಹೇಳಲಿರುವುದನ್ನು ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಅದು ಹೊಳೆಯ ಕಲ್ಲಿನ ಹಾಗೆ ಇನ್ನಷ್ಟು ನುಣುಪಾಗಿದೆ. ನುಣುಪಾದ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆದ್ದರಿಂದ ನನ್ನ ಹೆಂಡತಿ ಭಾಗ್ಯ ಒಪ್ಪದ ಕಡೆ, ಗೆಳೆಯ ರಹಮತ್ ಒಪ್ಪದ ಕಡೆ, ಅವರು ಒಪ್ಪುವುದಿಲ್ಲ ಎಂದು ಅಲ್ಲಲ್ಲೇ ಹೇಳಿಕೊಂಡು ಹೋಗುತ್ತೇನೆ. ನಿಮಗೆ ಯಾವುದು ಸರಿ ಕಂಡರೆ ಅದನ್ನು ಇಟ್ಟುಕೊಳ್ಳಿ.

ರಹಮತ್ ನನ್ನ ಜೊತೆ ಮೂರನೆಯ ಕ್ಲಾಸಿನಿಂದ ಓದಿದವನು. ಮಳವಳ್ಳಿಯಲ್ಲಿ ಅವನದು ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳು ಸುಟ್ಟರೆ ಅವನಲ್ಲಿಗೆ ಬರುತ್ತವೆ. ಹಳೆಯ ತಾಮ್ರದ ತಂತಿ ಬಿಚ್ಚಿ, ಹೊಸದನ್ನು ಸುತ್ತಿ, ಕೈ ಒರೆಸಿಕೊಳ್ಳುವಷ್ಟರಲ್ಲಿ ಸಂಜೆ ಮದ್ದೂರಿನಿಂದ ನನ್ನ ಬಸ್ಸು ಬಂದಿರುತ್ತದೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಇಬ್ಬರೂ ಕೂತು ಬೈಟು ಟೀ ಕುಡಿಯುವುದು ನಮ್ಮ ಪದ್ಧತಿ. ಒಂದು ಟೀ, ಎರಡು ಲೋಟ. ಇಬ್ಬರಿಗೂ ಒಂದೊಂದು ಪೂರ್ತಿ ಟೀ ಕುಡಿಯುವ ಯೋಗ್ಯತೆ ಬಂದು ಬಹಳ ಕಾಲವಾಗಿದೆ. ಆದರೂ ಬೈಟು. ಅರ್ಧ ಟೀಗೆ ಅರ್ಧ ಗಂಟೆ ಜಗಳ, ಅದು ಲೆಕ್ಕ.

ಆ ದಿನದ ಜಗಳ ಮಂಗಳದ್ದು. ಸಾಹುಕಾರರು ತಮ್ಮ ಸ್ವಂತ ದುಡ್ಡಿನಲ್ಲಿ ಮನುಷ್ಯರನ್ನು ಮಂಗಳಕ್ಕೆ ಕಳಿಸಲು ಹೊರಟಿದ್ದಾರೆಂದು ಪೇಪರಿನಲ್ಲಿ ಬಂದಿತ್ತು. ಇನ್ನು ಹತ್ತು ವರ್ಷದಲ್ಲಿ ಇದು ಆಗಿಯೇ ತೀರುತ್ತದೆ ಎಂದು ನಾನು ಹೇಳಿದೆ.

“ಆಗಕಿಲ್ಲ ಕಣ್ಲಾ ಸಿವ,” ಅಂದ ರಹಮತ್. “ಗೌರ್ಮೆಂಟ್ ದುಡ್ಡಾದ್ರೆ ಓಗ್ಬೋದು. ಅದು ಯಾರಪ್ಪನ ದುಡ್ಡೂ ಅಲ್ಲ. ಲೇಟಾದ್ರೆ ಯಾರೂ ಕೇಳಕಿಲ್ಲ. ಸಾವ್ಕಾರ ಅಂಗಲ್ಲ. ಮೂರ್ನೇ ದಿನಕ್ಕೆ ಫೋನ್ ಮಾಡ್ತಾನೆ, ಅಲ್ಲಿ ಏನ್ ಕಿಸ್ದೆ ಅಂತ.”

“ದುಡ್ಡಿನ ಪ್ರಶ್ನೆ ಅಲ್ಲ, ತಂತ್ರಜ್ಞಾನ,” ಎಂದೆ ನಾನು.

“ತಂತ್ರಜ್ಞಾನ ಮಡಿಕ್ಕೊ ಅತ್ಲಾಗೆ. ಓಗೋನು ಮನ್ಸ ಅಲ್ವಾ? ನೀನೇ ನಾಕು ದಿನ ಒಂದು ರೂಮಲ್ಲಿ ಒಬ್ನೇ ಕೂತ್ಕೊ ನೋಡವಾ. ಆಮ್ಯಾಕೆ ಮಂಗಳದ ಮಾತಾಡು.”

ಅಲ್ಲಿ ಮೂರ್ನಾಲ್ಕು ಜನ ಗಿರಾಕಿಗಳಿದ್ದರು, ಅವರು ನಕ್ಕರು. ನಾನು ನಗುವುದರ ಬದಲು ಬೇರೆ ಕೆಲಸ ಮಾಡಿದೆ. “ದಿನಾ ಸುಟ್ಟ ಮೋಟಾರಿನ ಮುಂದೆ ಕೂತಿರೋನಿಗೆ ರಾಕೆಟ್ ವಿಷಯ ಏನ್ ಗೊತ್ತಾಗುತ್ತೆ” ಅಂದೆ. ಇದನ್ನು ನಾನು ತಮಾಷೆಯ ದನಿಯಲ್ಲಿ ಹೇಳಿದೆ ಎಂದು ನನ್ನ ನೆನಪು. ಆದರೆ ಈ ದನಿಯ ನೆನಪು ಘಟನೆಯಾದ ಎರಡು ದಿನಗಳ ಮೇಲೆ ಬಂದದ್ದು, ಆದ್ದರಿಂದ ಸುಳ್ಳಿರಬೇಕು. ರಹಮತ್ ಟೀ ಮುಗಿಸಿ, “ಬುಡು” ಎಂದು ಒಳಗೆ ಹೋದ. ಮರುದಿನ ನಾನು ಬೆಂಚಿನಲ್ಲಿ ಕೂತೆ. ಅವನು ಟೀಯವನಿಗೆ ಕೈ ಎತ್ತಿ ಒಂದು ಬೆರಳು ತೋರಿಸಿದ. ಒಂದು ಪೂರ್ತಿ ಟೀ ಬಂತು, ಒಂದೇ ಲೋಟದಲ್ಲಿ. ಅವನು ನನ್ನ ಕಡೆ ನೋಡದೆ ನಿಧಾನವಾಗಿ ಕುಡಿದ. ನಲವತ್ತು ವರ್ಷದ ಸ್ನೇಹದಲ್ಲಿ ನಾನು ಅಷ್ಟು ಉದ್ದದ ಟೀ ನೋಡಿಲ್ಲ.

ಹೋಗಿ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಭಾಗ್ಯ ಅದನ್ನೇ ಹೇಳಿದಳು. ಆದರೆ ತಪ್ಪಾಯಿತು ಎನ್ನುವ ನಾಲ್ಕಕ್ಷರದ ಮಾತನ್ನು ಉಳಿಸಲು ಗಂಡಸು ಎಷ್ಟು ದೂರ ಬೇಕಾದರೂ ಹೋಗುತ್ತಾನೆ, ಬೇಕಾದರೆ ಮಂಗಳಕ್ಕೂ. ನಾನು ಯೋಚಿಸಿದ್ದು ಹೀಗೆ: ನಾಲ್ಕು ದಿನ ಒಬ್ಬನೇ ಕೂತು ತೋರಿಸಿದರೆ ರಹಮತ್ ಒಪ್ಪಲೇಬೇಕು. ಒಪ್ಪಬೇಕಾದರೆ ಮಾತಾಡಲೇಬೇಕು. ಮಾತಾಡಿದ ಮೇಲೆ ಕ್ಷಮೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಭಾಗ್ಯ ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಕೊಡುವ ನೆಪದಲ್ಲಿ ಅವನ ಅಂಗಡಿಗೆ ಹೋಗಿ ವಿಷಯ ತಿಳಿಸಿದಳು. “ನಾಕು ದಿನ ಕೂತ್ರೆ ನಾನೇ ಬಂದು ಒಪ್ಕತೀನಿ ಅನ್ನಮ್ಮ,” ಅಂದನಂತೆ. ಮಿಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲವಂತೆ. ಇದು ನನಗೆ ಇನ್ನಷ್ಟು ಕಷ್ಟವಾಯಿತು.

ಎಲ್ಲಿ ಕೂರುವುದು? ನಮ್ಮ ಮನೆಯಲ್ಲಿರುವುದು ಎರಡೇ ಕೋಣೆ, ಅವುಗಳಲ್ಲಿ ಏಕಾಂತ ಎಂಬ ವಸ್ತು ಇಲ್ಲ. ಭಾಗ್ಯಳ ತಮ್ಮ ಸಿದ್ದರಾಜು ಕಿರುಗಾವಲಿನಲ್ಲಿ ವ್ಯವಸಾಯ ಮಾಡುತ್ತಾನೆ. ಗದ್ದೆಯ ನಡುವೆ ಹೋದ ವರ್ಷ ಆರ್‌ಸಿಸಿ ತಾರಸಿಯ ಮೋಟಾರು ಮನೆ ಕಟ್ಟಿಸಿದ್ದಾನೆ. ಒಂದು ಕಿಟಕಿ, ಒಂದು ಮಂಚ, ಗೋಡೆಯ ಮೇಲೆ ಸ್ಟಾರ್ಟರ್ ಪೆಟ್ಟಿಗೆ. ಕೇಳಿದ ಕೂಡಲೇ ಒಪ್ಪಿದ.

“ಕೂತ್ಕಳಿ ಬಾವ, ಅದ್ಕೇನಂತೆ,” ಅಂದ. “ಊಟ ತಿಂಡಿ ಸಾಮಾನೆಲ್ಲ ನಂದೇ. ಎಂಗೂ ಅಲ್ಲೇ ಇರ್ತೀರಲ್ಲ, ತ್ರೀ ಫೇಸ್ ಕರೆಂಟ್ ಬಂದಾಗ ಒಂದ್ಸಲ ಮೋಟ್ರು ಹಾಕ್ಬುಡಿ. ಓದಾಗ ನೋಡ್ಕಳಿ.”

ಕರೆಂಟು ಬಂದ ತಕ್ಷಣ ತಾನಾಗಿಯೇ ಮೋಟಾರು ಹಾಕುವ ಒಂದು ಯಂತ್ರ ಅವನಲ್ಲಿ ಇತ್ತು. ಅದು ಕೆಟ್ಟು ರಹಮತ್ ಅಂಗಡಿಯಲ್ಲಿ ಕೂತಿತ್ತು. ಯಂತ್ರವನ್ನೇ ಕಳಿಸಿದರೆ ಸಾಲದೇ, ಮನುಷ್ಯ ಯಾಕೆ ಹೋಗಬೇಕು ಎಂದು ದೊಡ್ಡ ವಿಜ್ಞಾನಿಗಳು ಈಗಲೂ ವಾದ ಮಾಡುತ್ತಾರೆ. ನಮ್ಮ ಯಾತ್ರೆಯಲ್ಲಿ ಆ ವಾದಕ್ಕೆ ಅವಕಾಶವೇ ಇರಲಿಲ್ಲ. ಯಂತ್ರ ಕೆಟ್ಟದ್ದಕ್ಕೇ ಮನುಷ್ಯನಿಗೆ ಸೀಟು ಸಿಕ್ಕಿದ್ದು.

ಕಾಲೇಜಿನಲ್ಲಿ ನಾಲ್ಕು ದಿನ ಸಿ.ಎಲ್. ಬರೆದೆ. ಕಾರಣ: ‘ಸ್ವಂತ ಕೆಲಸದ ನಿಮಿತ್ತ’. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, “ಎಲ್ಲಿಗಾದರೂ ಹೋಗ್ತಿದ್ದೀರೋ, ಊರಲ್ಲೇ ಇರ್ತೀರೋ?” ಎಂದರು. ಈ ಪ್ರಶ್ನೆಗೆ ನಿಜವಾದ ಉತ್ತರ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. “ಕಿರುಗಾವಲಿಗೆ ಸಾರ್,” ಎಂದೆ. ಸಹಿ ಹಾಕಿದರು.

ಗುರುವಾರ ಬೆಳಿಗ್ಗೆ ಒಳಗೆ ಹೋದೆ. ಬುಧವಾರ ಎಂದು ಭಾಗ್ಯ ಹೇಳುತ್ತಾಳೆ. ಅವಲಕ್ಕಿ, ರಾಗಿ ಹುರಿಹಿಟ್ಟು, ಬೆಲ್ಲ, ಬಾಳೆಹಣ್ಣು, ಎರಡು ಕ್ಯಾನು ನೀರು. ಫೋನು ಭಾಗ್ಯಳ ಹತ್ತಿರ. ತುರ್ತಿಗೆ ಬೇಕಾದರೆ ಇರಲಿ ಎಂದು ಸಿದ್ದರಾಜುವಿನ ಹಳೆಯ ಬಟನ್ ಫೋನು ನನ್ನ ಹತ್ತಿರ. ಶೌಚಕ್ಕೆ ಮಾತ್ರ ಹಿಂದಿನ ಬಾಗಿಲಿಂದ ಹೊರಗೆ ಹೋಗಬಹುದೆಂದು ನಿಯಮದಲ್ಲಿ ಸೇರಿಸಿದ್ದೆವು. ಆಕಾಶಯಾತ್ರಿಗಳು ಹೊರಗೆ ಇಳಿದು ತೇಲಾಡುವುದಿಲ್ಲವೇ, ಹಾಗೆ. ಅವರು ಚೊಂಬು ಹಿಡಿದಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಮೊದಲ ಒಂದು ಗಂಟೆ ಬಹಳ ಚೆನ್ನಾಗಿತ್ತು. ಯೂರಿಯಾ ಚೀಲದ ವಾಸನೆ, ಕಿಟಕಿಯಾಚೆ ಹಸಿರು, ನಾನು, ಮಂಗಳದ ಮೇಲೆ ಒಂದು ಪುಸ್ತಕ. ಮನುಷ್ಯನಿಗೆ ಬೇರೆ ಮನುಷ್ಯರು ಯಾಕೆ ಬೇಕು ಎಂಬ ಒಂದು ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಎರಡನೆಯ ವಾಕ್ಯ ಬರೆಯುವ ಮೊದಲೇ ಕಿಟಕಿಯ ಸರಳಿನ ನಡುವೆ ಒಂದು ಮುಖ ಕಾಣಿಸಿತು.

ಅದು ಪಕ್ಕದ ಗದ್ದೆಯ ಚಿಕ್ಕತಾಯಮ್ಮ. ವಯಸ್ಸು ಎಪ್ಪತ್ತರ ಮೇಲೆ, ದನಿ ಇಪ್ಪತ್ತರದ್ದು. “ಏನಪ್ಪ, ಭಾಗ್ಯ ಮನೇಲಿ ಸೇರಿಸ್ನಿಲ್ವಾ?” ಅಂದರು.

“ಇಲ್ಲಮ್ಮ, ಇದೊಂದು ಪ್ರಯೋಗ. ಮಂಗಳ ಗ್ರಹಕ್ಕೆ ಹೋಗೋರು ಹೀಗೇ ಒಂಟಿಯಾಗಿ ಇರಬೇಕಾಗುತ್ತೆ...”

“ಅಯ್ಯೋ ಬುಡಪ್ಪ. ಗಂಡ ಎಂಡ್ರು ಅಂದ್ಮ್ಯಾಲೆ ಬತ್ತದೆ ಓಯ್ತದೆ. ಉಂಡ್ಯಾ?”

ಉಂಡಿಲ್ಲ ಎಂದೆ. ಅದು ನಾನು ಮಾಡಿದ ತಪ್ಪು. ಉಂಡಿಲ್ಲ ಎನ್ನುವ ಮಾತನ್ನು ನಮ್ಮ ಕಡೆ ಗದ್ದೆ ಬಯಲಿನಲ್ಲಿ ಬಾಯಿಬಿಟ್ಟು ಹೇಳಬಾರದು. ಅರ್ಧ ಗಂಟೆಯಲ್ಲಿ ಸರಳಿನ ಸಂದಿಯಿಂದ ಮುದ್ದೆ ಬಂತು. ಇಡಿಯಾಗಿ ತೂರದಿದ್ದರಿಂದ ಎರಡು ಭಾಗವಾಗಿ ಬಂತು. ಹಿಂದೆಯೇ ಅವರೆಕಾಳು ಸಾರು. ಸಂಜೆಯೊಳಗೆ ಭಾಗ್ಯಳ ಗಂಡ ಮೋಟಾರು ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾನೆ ಎನ್ನುವ ಸುದ್ದಿ ಊರೆಲ್ಲ ಮುಟ್ಟಿತು. ಯಾವುದೋ ಅಂಟುರೋಗವಂತೆ ಎಂದು ಒಬ್ಬರು, ಸಾಲಗಾರರಿಗೆ ಹೆದರಿ ಎಂದು ಇನ್ನೊಬ್ಬರು. ಯಾವ ಕಾರಣವಾದರೂ ನೋಡಿಕೊಂಡು ಬರುವುದು ಧರ್ಮ. ಬ್ರೆಡ್ಡು, ಕಿತ್ತಳೆ, ಎಳನೀರು ಬಂದವು. ಕಿಟಕಿಯಾಚೆ ನಿಂತು, “ಧೈರ್ಯವಾಗಿರಿ ಮೇಷ್ಟ್ರೇ, ಎಲ್ಲಾ ಸರೋಯ್ತದೆ,” ಎಂದು ಹೇಳಿ ಹೋದರು. ಸಿ.ಎಲ್. ಹಾಕಿದ ಮನುಷ್ಯನನ್ನು ಇಷ್ಟು ಕನಿಕರದಿಂದ ಯಾರೂ ನೋಡಿರಲಾರರು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಸ್ಟಾರ್ಟರಿನ ಪಕ್ಕದಲ್ಲೇ ಒಬ್ಬ ಓದಿದ ಮನುಷ್ಯ ಕೂತಿದ್ದಾನೆ ಎಂದ ಮೇಲೆ ಸುತ್ತಲಿನ ರೈತರೆಲ್ಲ ನನ್ನ ಮೇಲೆ ಭಾರ ಹಾಕಿ ಬೇರೆ ಕೆಲಸಕ್ಕೆ ಹೋದರು. “ಕರೆಂಟ್ ಬಂದ್ರೆ ಒಂದು ಕೂಗಾಕಿ ಮೇಷ್ಟ್ರೇ.” ಕೂಗು ಹಾಕುವುದು ಏಕಾಂತದ ನಿಯಮಕ್ಕೆ ವಿರುದ್ಧ. ಕೂಗು ಹಾಕದಿದ್ದರೆ ಅವರೇ ಕೂಗುತ್ತಿದ್ದರು, ಹತ್ತು ನಿಮಿಷಕ್ಕೊಮ್ಮೆ, ನಾಲ್ಕು ದಿಕ್ಕಿನಿಂದ: “ಬಂತಾ ಮೇಷ್ಟ್ರೇ?” ನಾನು ಒಳಗಿನಿಂದ, “ಇಲ್ಲ.” ಮಂಗಳಕ್ಕೆ ಹೋಗುವವನ ಹಣೆಬರಹ ಏನೇ ಇರಲಿ, ಅವನು ದಾರಿಯುದ್ದಕ್ಕೂ ‘ಇಲ್ಲ ಇಲ್ಲ’ ಎನ್ನುತ್ತಾ ಹೋಗಬೇಕಾಗಿಲ್ಲ. ಸಿದ್ದರಾಜು ಸಂಜೆ ಬಂದು, “ಬಾವ, ಎಂಗೂ ಕೂತಿದ್ದೀರಿ, ಈ ಚೀಲದ ಬಾಯಿ ಒಸಿ ಹೊಲಿದ್ಬುಡಿ” ಎಂದು ದಬ್ಬಣ ಕೊಟ್ಟು ಹೋದ.

ಎರಡನೆಯ ದಿನ ಬೆಳಿಗ್ಗೆ ಬಟನ್ ಫೋನಿನಿಂದ ಭಾಗ್ಯಳಿಗೆ ದೂರು ಹೇಳಿದೆ. ಇದು ಏಕಾಂತವಲ್ಲ, ಇದು ಬಸ್‌ಸ್ಟ್ಯಾಂಡು. ಹೀಗೆ ನಾಲ್ಕಲ್ಲ ನಲವತ್ತು ದಿನ ಕೂತರೂ ರಹಮತ್ ಒಪ್ಪುವುದಿಲ್ಲ. ಅವಳು ಅದನ್ನು ಅವನಿಗೆ ಮುಟ್ಟಿಸಿದಳು. ಹನ್ನೊಂದು ಗಂಟೆಗೆ ದೂರದಲ್ಲಿ ಅವನ ಮೊಪೆಡ್ಡಿನ ಶಬ್ದ ಕೇಳಿತು. ಅವನು ಕಿಟಕಿಯ ಕಡೆ ತಿರುಗಲಿಲ್ಲ. ಬದುವಿನ ಮೇಲಿನ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಕೂತ. ಬೇಸಿಗೆ ಶುರುವಾಗುವ ಕಾಲ, ಅವನ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲು ಹಿಡಿಯುವ ಕಾಲ. ಅಂಗಡಿಗೆ ಬೀಗ ಹಾಕಿ ಬಂದಿದ್ದ. ಬಂದವರನ್ನೆಲ್ಲ ಮರದ ಹತ್ತಿರವೇ ತಡೆದ. “ಅತ್ರ ಓಗ್ಬ್ಯಾಡಿ. ಅವ್ನು ಈಗ ಊರಲ್ಲಿಲ್ಲ.”

“ಅಲ್ಲೇ ಕಾಣ್ತಾವ್ನಲ್ಲಪ್ಪ ಕಿಟ್ಕೀಲಿ,” ಅಂದರು ಚಿಕ್ಕತಾಯಮ್ಮ.

“ಕಂಡ್ರೂ ಇಲ್ಲ ಕಣಮ್ಮ.”

ಸಿದ್ದರಾಜು ಬಂದ. ಅವನನ್ನೂ ಬಿಡಲಿಲ್ಲ. “ನನ್ ಮೋಟ್ರು, ನನ್ ಮನೆ, ನನ್ ಬಾವ,” ಎಂದು ಸಿದ್ದರಾಜು ರೇಗಿದ. “ಒಳೀಕೆ ಓಗಕ್ಕೆ ನಿನ್ನ ಕೇಳ್ಬೇಕಾ?”

“ನಿಂದೇ ಕಣಯ್ಯ, ಯಾರಿಲ್ಲ ಅಂದೋರು. ನಾಕು ದಿನ ಆದ್ಮ್ಯಾಲೆ ಬಾ.”

“ನಾಕು ದಿನ ಇವ್ರನ್ನ ಸಾಕಿ ನನಗೇನು ಬಂತು? ನಿನ್ನೆಯಿಂದ ಒಂದು ಚೀಲಾನೂ ಹೊಲಿದಿಲ್ಲ.” ಅದು ನಿಜ. ಮೊದಲನೆಯ ಚೀಲದಲ್ಲೇ ಬೆರಳಿಗೆ ಚುಚ್ಚಿಕೊಂಡು ನಿಲ್ಲಿಸಿದ್ದೆ. ಭಾನುವಾರ ಬೆಳಿಗ್ಗೆಯವರೆಗೆ ನೋಡುತ್ತೇನೆ, ಆಮೇಲೆ ಬೀಗ ಹಾಕಿಕೊಳ್ಳುತ್ತೇನೆ ಎಂದು ಹೇಳಿ ಅವನೂ ಅಲ್ಲೇ ಮರದ ಕೆಳಗೆ ಕೂತ.

ಅಲ್ಲಿಗೆ ನಿಜವಾದ ಏಕಾಂತ ಶುರುವಾಯಿತು. ಯಾರೂ ‘ಬಂತಾ’ ಎಂದು ಕೂಗುವುದಿಲ್ಲ. ನನಗೆಂದು ತಂದ ಮುದ್ದೆ ಮರದ ಕೆಳಗೇ ಇಳಿಯುತ್ತಿದೆ. ಸಾರಿನ ವಾಸನೆ ಮಾತ್ರ ನಿಯಮ ಮುರಿದು ಒಳಗೆ ಬರುತ್ತಿದೆ. ಹುರಿಹಿಟ್ಟು ಕಲಸಿಕೊಂಡು ತಿಂದೆ. ಗೋಡೆಯ ಮೇಲಿನ ಹಲ್ಲಿಗೆ ಮಂಗಳದ ಗುರುತ್ವಾಕರ್ಷಣೆಯ ಬಗ್ಗೆ ಸ್ವಲ್ಪ ಹೇಳಿದೆ. ಹಲ್ಲಿ ಲೊಚಗುಟ್ಟಿತು. ಅದನ್ನು ಒಪ್ಪಿಗೆ ಎಂದುಕೊಂಡೆ. ಆ ಮಧ್ಯಾಹ್ನ ನನಗೆ ಹೊಳೆದದ್ದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯುತ್ತೇನೆ, ಏಕೆಂದರೆ ಇದೊಂದು ಮಾತ್ರ ಆಮೇಲೆ ನುಣುಪಾಗಿಲ್ಲ. ಖಾಸಗಿಯವರು ಒಳ್ಳೆಯ ರಾಕೆಟ್ಟು ಕಟ್ಟುತ್ತಾರೆ, ಈಗಾಗಲೇ ಕಟ್ಟಿ ಹಾರಿಸಿದ್ದಾರೆ. ಆದರೆ ಮಂಗಳದ ತೆಳು ಗಾಳಿಯಲ್ಲಿ ಮನುಷ್ಯರು ಕೂತ ಭಾರದ ಡಬ್ಬವನ್ನು ಮೆಲ್ಲಗೆ ಇಳಿಸಬೇಕು. ಹೋಗುವಾಗಲೇ ಬರುವ ದಾರಿಯ ಇಂಧನವನ್ನೂ ಹೊತ್ತುಕೊಂಡು ಹೋಗಬೇಕು, ಇಲ್ಲ ಅಲ್ಲೇ ತಯಾರಿಸಿಕೊಳ್ಳಬೇಕು. ಹೋಗಿ ಬರುವುದರೊಳಗೆ ಎರಡೂವರೆ, ಮೂರು ವರ್ಷ. ಅಷ್ಟು ದಿನ ಒಂದು ಚೀಲವನ್ನೂ ಹೊಲಿಯದವನಿಗೆ ಸುಮ್ಮನೆ ಅನ್ನ ಹಾಕುವ ಸಾಹುಕಾರ ಎಲ್ಲಿದ್ದಾನೆ? ಮಂಗಳದಿಂದ ಮಾರಲು ತರುವಂಥದ್ದು ಏನೂ ಇಲ್ಲ. ಹತ್ತು ವರ್ಷದಲ್ಲಿ ಆಗುತ್ತದೆ ಎಂದು ನಾನು ಹೇಳಿದ್ದು ತಪ್ಪು. ಸರ್ಕಾರಗಳು ಹಿಂದೆ ನಿಲ್ಲದೆ, ಬರೀ ಒಬ್ಬರ ಜೇಬಿನ ಮೇಲೆ ಇದು ಸದ್ಯಕ್ಕೆ ಆಗುವ ಕೆಲಸವಲ್ಲ. ರಹಮತ್ ಬೆಂಚಿನ ಮೇಲೆ ಕೂತು ಅರ್ಧ ಟೀಯಲ್ಲಿ ಹೇಳಿದ್ದನ್ನು ತಿಳಿಯಲು ನನಗೆ ಒಂದೂವರೆ ದಿನ ಬೇಕಾಯಿತು.

ತಿಳಿದ ಮೇಲೆ ಬಾಗಿಲು ತೆಗೆದು ಹೊರಗೆ ಬರಬಹುದಿತ್ತು. ಬರಲಿಲ್ಲ. ಕ್ಷಮೆ ಕೇಳುವುದಕ್ಕಿಂತ ಇನ್ನೂ ಎರಡೂವರೆ ದಿನ ಹುರಿಹಿಟ್ಟು ತಿನ್ನುವುದು ಸುಲಭವಾಗಿ ಕಂಡಿತು.

ಮೂರನೆಯ ದಿನ ಮರದ ಕೆಳಗೆ ಜನ ಜಾಸ್ತಿಯಾದರು. ನಾನು ಕಿಟಕಿಯ ಮರೆಯಲ್ಲಿ ನಿಂತಿದ್ದೆ. ಮಾತು ಮಂಗಳದ್ದೇ ನಡೆಯುತ್ತಿತ್ತು, ಮತ್ತು ಎಲ್ಲವೂ ತಪ್ಪು ನಡೆಯುತ್ತಿತ್ತು. ಒಬ್ಬರು, “ಸೂರ್ಯನ ಪಕ್ಕದಲ್ಲೇ ಐತಂತೆ, ಅದ್ಕೇ ಕೆಂಪಗೆ ಕಾದೈತೆ” ಅಂದರು. ಹಲ್ಲು ಕಚ್ಚಿದೆ. ಅದು ನಮಗಿಂತ ದೂರ, ಅಲ್ಲಿ ಚಳಿ, ಕೆಂಪು ಬರುವುದು ಕಬ್ಬಿಣದ ತುಕ್ಕಿನಿಂದ. ಸಿದ್ದರಾಜು, “ಚಂದ್ರನಿಂದ ಒಸಿ ಮುಂದಕ್ಕೆ ಓದ್ರೆ ಸಿಗ್ತದೆ” ಅಂದ. ಸರಳು ಹಿಡಿದುಕೊಂಡೆ. ಆಗ ರಹಮತ್ ಬೀಡಿಯ ಬೂದಿ ಕೊಡವಿ, ಬಹಳ ತಿಳಿದವನ ಹಾಗೆ ನಿಧಾನವಾಗಿ ಹೇಳಿದ: “ಮಂಗಳ ಏನ್ ಮಹಾ ದೂರ. ರಾಕೆಟ್ಟಲ್ಲಿ ಕೂತ್ರೆ ನಾಕೇ ದಿನ. ಅದ್ಕೇ ಅಲ್ವಾ ಇವ್ನೂ ನಾಕೇ ದಿನ ಕೂತಿರೋದು.”

ಎಲ್ಲರೂ “ಓ, ಅಂಗಾ” ಎಂದು ತಲೆಯಾಡಿಸಿದರು.

ಬಾಗಿಲು ತೆಗೆದದ್ದು ನನಗೆ ನೆನಪಿಲ್ಲ. ಬದುವಿನ ಮೇಲೆ, ಬರಿಗಾಲಿನಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದೇನೆ, “ನಾಲ್ಕು ದಿನ ಅಲ್ಲ ಕಣ್ಲಾ, ಏಳೆಂಟು ತಿಂಗಳು” ಎಂದು ಕಿರುಚುತ್ತಿದ್ದೇನೆ, ಇಷ್ಟು ನೆನಪಿದೆ. ರಹಮತ್ ನನ್ನ ಕಡೆ ತಿರುಗಿದ. ಹನ್ನೆರಡು ದಿನಗಳಲ್ಲಿ ಮೊದಲ ಸಲ.

“ಏಳೆಂಟು ತಿಂಗಳಾ?” ಅಂದ. “ನೋಡ್ದಾ, ನಂಗೆಲ್ಲಿ ಗೊತ್ತಾಯ್ತದೆ. ಬಾ ಕೂತ್ಕೊ, ಬಿಸ್ಲು.” ಗೋಣಿಚೀಲದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ.

ಅವನು ಬೇಕೆಂದೇ ತಪ್ಪು ಹೇಳಿದನೋ? ಕೇಳಿದರೆ, “ನಿಜವಾಗ್ಲೂ ಗೊತ್ತಿರ್ನಿಲ್ಲ ಕಣ್ಲಾ” ಎಂದು ಆಣೆ ಮಾಡುತ್ತಾನೆ. ಆದರೆ ಹಿಂದಿನ ಸಂಜೆ ಅವನು ನಮ್ಮ ಮನೆಗೆ ಬಂದು, ಮಂಗಳಕ್ಕೆ ಎಷ್ಟು ದಿನದ ದಾರಿ ಎಂದು ಭಾಗ್ಯಳ ಫೋನಿನಲ್ಲಿ ಹುಡುಕಿಸಿದ ಎಂದು ಭಾಗ್ಯ ಹೇಳುತ್ತಾಳೆ. ಯಾರ ಮಾತು ನಂಬಬೇಕೋ ತಿಳಿಯದು, ಇಬ್ಬರೂ ನನಗಿಂತ ಒಳ್ಳೆಯ ಸುಳ್ಳುಗಾರರು. ಬೈಟು ಮರುದಿನದಿಂದ ಮತ್ತೆ ಶುರುವಾಯಿತು. ಪರೀಕ್ಷೆಯಲ್ಲಿ ನಾನು ಸೋತದ್ದನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಅಂಗಡಿ ಮುಚ್ಚಿ ಎರಡು ದಿನ ಮರದ ಕೆಳಗೆ ಕೂತದ್ದನ್ನೂ ಎತ್ತಲಿಲ್ಲ.

ಉಳಿದಿರುವುದು ಒಂದೇ ಅನುಮಾನ. ಆ ಮಧ್ಯಾಹ್ನ ಗೋಣಿಚೀಲದ ಮೇಲೆ ಕೂತ ಮೇಲೆ ನಾನು ರಹಮತ್‌ಗೆ ಕ್ಷಮೆ ಕೇಳಿದೆನೇ? ನನ್ನ ನೆನಪಿನಲ್ಲಿ ಕೇಳಿದ್ದೇನೆ, ಅದೂ ಪೂರ್ತಿ ವಾಕ್ಯದಲ್ಲಿ, ಕಣ್ಣು ಸ್ವಲ್ಪ ತೇವವಾಗಿ. ಇಷ್ಟು ಚೆನ್ನಾಗಿರುವುದರಿಂದಲೇ ಅದು ನಡೆದಿರಲಾರದು. ನಾನು ಕೂತು ಮೊದಲು ಕೇಳಿದ್ದು ಸಾರು ಉಳಿದಿದೆಯಾ ಎಂದು, ಆಮೇಲೆ ಸಂಜೆಯವರೆಗೂ ಕಬ್ಬಿಣದ ತುಕ್ಕಿನ ವಿಷಯ ಹೇಳಿದೆ ಎಂದು ಸಿದ್ದರಾಜು ಹೇಳುತ್ತಾನೆ. ಅದೇ ನಿಜವಿರಬೇಕು. ಆದ್ದರಿಂದ ಇಲ್ಲಿ, ಅಚ್ಚಿನಲ್ಲಿ, ಇನ್ನು ಅಲ್ಲವೆನ್ನಲು ಆಗದ ಹಾಗೆ ಹೇಳಿಬಿಡುತ್ತೇನೆ. ಅವತ್ತು ಗಿರಾಕಿಗಳ ಮುಂದೆ ನಾನು ಆಡಿದ ಮಾತು ಆಡಬಾರದಾಗಿತ್ತು. ತಪ್ಪಾಯ್ತು ಕಣ್ಲಾ ರಹಮತ್. ನೀನು ಹೇಳಿದ್ದೆಲ್ಲ ಸರಿ.

ಎಲ್ಲ ಅಂದರೆ, ಹೆಚ್ಚು ಕಡಿಮೆ. ಮರದ ಕೆಳಗೆ ಚಿಕ್ಕತಾಯಮ್ಮನಿಗೆ ‘ಅಲ್ಲೂ ನಮ್ಮಂಗೇ ಒಂದೇ ಚಂದ್ರ’ ಎಂದೆಯಲ್ಲ, ಅದೊಂದು ಬಿಟ್ಟು. ಮಂಗಳಕ್ಕೆ ಎರಡು.